ಹಗೇವು ತುಂಬುವವರೆಗೆ

ಹೂವಿನದು ಎರಡು ಮೂರು ವಾರದ ವೈಭವ, ಎಲೆಯದು ಇಡೀ ವರ್ಷದ ಗಳಿಕೆ. ಚಳಿ ಕಳೆಯುವ ಮೊದಲೇ ಅರಳುವ ಗಡ್ಡೆ ಹೂಗಳು ತೋಟದ ಹುಲ್ಲಿನಲ್ಲಿ ತಲೆಮಾರುಗಟ್ಟಲೆ ಉಳಿಯಬೇಕೆ? ಬಣ್ಣಕ್ಕೆ ಮರುಳಾಗುವ ಮುನ್ನ ಎಲೆಯ ಪಂಚಾಂಗ ಓದಿ.

ಫೆಬ್ರುವರಿಯ ಮೊದಲ ವಾರ. ನಮ್ಮಲ್ಲಿ ಚಳಿ ಶಿವರಾತ್ರಿಯ ಹೊತ್ತಿಗೆ ಶಿವಶಿವ ಎನ್ನುತ್ತ ಹೊರಡಲು ಗಂಟುಮೂಟೆ ಕಟ್ಟುತ್ತಿರುತ್ತದೆ; ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ ಅದಿನ್ನೂ ಯಜಮಾನಿಕೆ ಬಿಟ್ಟುಕೊಟ್ಟಿರುವುದಿಲ್ಲ. ಅಲ್ಲಿನ ಕೋಲ್ಸ್‌ಬೋರ್ನ್ ಉದ್ಯಾನದಲ್ಲಿ ಮರಗಳೆಲ್ಲ ಬೋಳು. ರಾತ್ರಿಯ ಕಟ್ಟುಚಳಿಗೆ ಬಿಗಿದ ನೆಲದ ಮೇಲೆ ಸಾವಿರ ಸಾವಿರ ಸ್ನೋಡ್ರಾಪ್ ಗಿಡಗಳು ಬಿಸಿನೀರು ಹುಯ್ದ ಸೊಪ್ಪಿನಂತೆ ಮಲಗಿಬಿಟ್ಟಿರುತ್ತವೆ. ಮುಂಜಾನೆ ನೋಡಿದವರು ಸತ್ತೇ ಹೋದವು ಎಂದುಕೊಳ್ಳಬೇಕು. ಬಿಸಿಲು ತಾಗಿದ್ದೇ ತಡ, ಒಂದೊಂದೇ ದಂಟು ನೀರು ತುಂಬಿಕೊಂಡು ಸೆಟೆದು ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಗಾಳಿ ಹತ್ತು ಡಿಗ್ರಿಯ ಆಸುಪಾಸು ಬಂದರೆ ಹೊರಗಿನ ಮೂರು ಬಿಳಿ ಎಸಳುಗಳು ಅಗಲವಾಗಿ ಬಿಚ್ಚಿಕೊಂಡು ಒಳಗಿನ ಹಸುರು ಮಚ್ಚೆ ಕಾಣುತ್ತದೆ, ಚಳಿಗಾಲವಿಡೀ ಗೂಡಿನಲ್ಲಿ ಮುದುಡಿದ್ದ ಜೇನು ಅದನ್ನು ಹುಡುಕಿಕೊಂಡು ಬರುತ್ತದೆ. ಕೆಸರು ಮೆಟ್ಟಿಕೊಂಡು ಬಂದ ಜನ ಮಾತಿಲ್ಲದೆ ಬಗ್ಗಿ ನೋಡುತ್ತಾರೆ. ಇಷ್ಟು ಹೂವನ್ನು ಒಂದೇ ಸಲ ಯಾರೂ ನೆಟ್ಟದ್ದಲ್ಲ. ಹಿಂದಿನವರು ನೆಟ್ಟ ಕೆಲವು ಗಡ್ಡೆಗಳು ಮರಿ ಹಾಕಿ, ಆ ಮರಿಗಳು ಮತ್ತೆ ಮರಿ ಹಾಕಿ, ನೂರಕ್ಕೂ ಹೆಚ್ಚು ವರ್ಷಗಳಲ್ಲಿ ನೆಲವನ್ನೇ ತಮ್ಮದಾಗಿಸಿಕೊಂಡ ಬಗೆ ಇದು.

ಇದನ್ನು ಕಂಡವರಿಗೆ ತಮ್ಮ ಮನೆಯ ಹಿತ್ತಿಲಲ್ಲೂ ಹೀಗೆ ಆಗಲಿ ಎನ್ನುವ ಆಸೆ ಹುಟ್ಟುವುದು ಸಹಜ. ಸೆಪ್ಟೆಂಬರ್ ಬಂತೆಂದರೆ ಬ್ರಿಟನ್ನಿನ ಅಂಗಡಿಗಳಲ್ಲಿ ಬಲೆಚೀಲಗಳಲ್ಲಿ ಗಡ್ಡೆಗಳ ರಾಶಿ ಬೀಳುತ್ತದೆ. ಪ್ರತಿ ಚೀಲದ ಮೇಲೂ ಹೂವಿನ ದೊಡ್ಡ ಚಿತ್ರ. ಕೊಂಡವರು ಚಿತ್ರ ನೋಡಿ ಕೊಳ್ಳುತ್ತಾರೆ, ಹುಲ್ಲಿನಲ್ಲಿ ಗುಳಿ ತೋಡಿ ನೆಡುತ್ತಾರೆ. ಮೊದಲ ವಸಂತದಲ್ಲಿ ಚಿತ್ರದಲ್ಲಿದ್ದ ಹೂವೇ ಅರಳುತ್ತದೆ. ಎರಡನೆಯ ವರ್ಷ ಅರ್ಧದಷ್ಟು; ಮೂರನೆಯ ವರ್ಷ ಬರೀ ಎಲೆ; ಆಮೇಲೆ ಅದೂ ಇಲ್ಲ. ಗಡ್ಡೆ ಕೆಟ್ಟದ್ದಿತ್ತು, ಮಣ್ಣು ಸರಿಯಿರಲಿಲ್ಲ, ಅಳಿಲು ತಿಂದಿತು ಎಂದು ಕಾರಣ ಹುಡುಕುತ್ತಾರೆ. ಬಹಳಷ್ಟು ಸಲ ನಿಜವಾದ ಕಾರಣ ಆಯ್ಕೆಯಲ್ಲೇ ಇರುತ್ತದೆ. ನೆಲದಲ್ಲಿ ಒಕ್ಕಲಾಗಿ ನಿಲ್ಲಬೇಕಾದ ಗಿಡವನ್ನು ಹೂ ನೋಡಿ ಆರಿಸುವುದೇ ತಪ್ಪು. ಅದರ ಎಲೆ ಯಾವಾಗ ಮೂಡುತ್ತದೆ, ಎಷ್ಟು ದಿನ ಬೆಳಕು ಬೇಡುತ್ತದೆ, ಯಾವಾಗ ಒಣಗುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಆ ಲೆಕ್ಕ ಮರದ ನೆರಳಿನ ಲೆಕ್ಕಕ್ಕೂ ಹುಲ್ಲು ಕತ್ತರಿಸುವ ಲೆಕ್ಕಕ್ಕೂ ಹೊಂದಿದರೆ ಗಿಡ ಉಳಿಯುತ್ತದೆ. ಹೊಂದದಿದ್ದರೆ ಎಷ್ಟು ಗೊಬ್ಬರ ಸುರಿದರೂ ಅದು ನಾಲ್ಕು ದಿನದ ನೆಂಟ.

ಮಾತು ಸ್ಪಷ್ಟವಾಗಲು ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತ ಈರುಳ್ಳಿಯನ್ನು ನೆನೆದರೆ ಸಾಕು. ಮಣ್ಣಿಲ್ಲ, ನೀರಿಲ್ಲ, ಆದರೂ ಹಸುರು ಕಡ್ಡಿ ಎದ್ದು ಬರುತ್ತದೆ. ಅದು ತಿನ್ನುತ್ತಿರುವುದು ಹಿಂದಿನ ಬೆಳೆಯಲ್ಲಿ ತನ್ನ ಎಲೆ ಕೂಡಿಟ್ಟ ಆಹಾರವನ್ನು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರಲ್ಲ, ಗಡ್ಡೆ ಅಂಥದೇ ಒಂದು ಹಗೇವು. ಫೆಬ್ರುವರಿಯ ಸ್ನೋಡ್ರಾಪ್ ಅರಳುವುದು ಕಳೆದ ವಸಂತದಲ್ಲಿ ತುಂಬಿದ ಕಾಳಿನಿಂದ. ಹೂ ಬಾಡಿದ ಮೇಲೆ ಎಲೆಗಳು ಬಿಸಿಲು ಕುಡಿಯುತ್ತ ಹಗೇವನ್ನು ಮತ್ತೆ ತುಂಬುತ್ತವೆ. ಮುಂದಿನ ವರ್ಷದ ಹೂಮೊಗ್ಗು ಮಣ್ಣೊಳಗೆ ಗುಟ್ಟಾಗಿ ರೂಪುಗೊಳ್ಳುವುದೂ ಆ ಸಂಗ್ರಹದ ಬಲದಿಂದಲೇ. ಹಗೇವು ತುಂಬುವ ಮೊದಲು ಎಲೆಯನ್ನು ಕೊಯ್ದರೆ, ಅಥವಾ ಮರದ ನೆರಳು ಬಿಸಿಲನ್ನು ಕಸಿದರೆ, ಗಡ್ಡೆ ಕೃಶವಾಗುತ್ತದೆ. ಕೃಶವಾದ ಗಡ್ಡೆ ಮೊದಲು ಹೂವನ್ನು ಕೈಬಿಡುತ್ತದೆ, ಮರಿ ಹಾಕುವುದನ್ನು ನಿಲ್ಲಿಸುತ್ತದೆ, ಕೊನೆಗೆ ಅಳಿಯುತ್ತದೆ. ಹೂ ಎಂಬುದು ಖರ್ಚು, ಎಲೆ ಎಂಬುದು ಆದಾಯ. ಖರ್ಚಿನ ಅಂದ ನೋಡಿ ಸಂಸಾರ ಹೂಡಿದರೆ ಹೆಚ್ಚು ದಿನ ನಡೆಯುವುದಿಲ್ಲ.

ಈ ಆದಾಯ ಗಳಿಸಲು ಯೂರೋಪಿನ ಎಲೆಯುದುರುವ ಕಾಡಿನಲ್ಲಿ ಸಿಗುವ ಅವಕಾಶ ಬಹಳ ಕಿರಿದು. ಓಕ್, ಬೀಚ್ ಮರಗಳು ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಚಿಗುರಿ ಮೇಲೆ ಚಪ್ಪರ ಹಾಕಿಬಿಡುತ್ತವೆ. ಅದಕ್ಕೆ ಮುಂಚಿನ ಎರಡು ಮೂರು ತಿಂಗಳು ಮಾತ್ರ ನೆಲಕ್ಕೆ ಬಿಸಿಲು. ಆ ಸಂದಿಯೊಳಗೆ ಎದ್ದು, ಅರಳಿ, ಬೀಜ ಕಟ್ಟಿ, ಹಗೇವು ತುಂಬಿ ಮತ್ತೆ ಮಲಗುವುದನ್ನು ಕಲಿತ ಗಿಡಗಳೇ ಈ ಮುಂಗಡ ಹೂಗಳು. ಸ್ನೋಡ್ರಾಪ್ ಎಲೆಯ ತುದಿ ಗಟ್ಟಿಯಾಗಿ, ಹೆಪ್ಪುಗಟ್ಟಿದ ಮಣ್ಣನ್ನೂ ತೂರಿಕೊಂಡು ಬರುವಂತಿದೆ. ಕ್ರೋಕಸ್ ಗಡ್ಡೆ ಮೇಲಕ್ಕೆ ಬಂದರೆ ಅದರ ದಪ್ಪ ಬೇರುಗಳು ಕುಗ್ಗಿ ಅದನ್ನು ಮತ್ತೆ ಆಳಕ್ಕೆ ಎಳೆದುಕೊಳ್ಳುತ್ತವೆ. ಸ್ನೋಡ್ರಾಪ್ ಬೀಜದ ತುದಿಯಲ್ಲಿ ಇರುವೆಗಳಿಗೆ ಇಷ್ಟವಾದ ಎಣ್ಣೆಯಂಶದ ಒಂದು ತುಣುಕು ಇದೆ. ಇರುವೆ ಬೀಜವನ್ನು ಗೂಡಿಗೆ ಹೊತ್ತೊಯ್ದು ಆ ತುಣುಕು ತಿಂದು ಬೀಜವನ್ನು ಬಿಟ್ಟುಬಿಡುತ್ತದೆ. ಮನುಷ್ಯನ ಕೈ ಬೇಕಿಲ್ಲದ ಬಿತ್ತನೆ ಅದು. ಇಂಥ ಗಿಡಗಳಿಗೆ ತೋಟದಲ್ಲಿ ನಾವು ಮಾಡಬೇಕಾದದ್ದು ಹೆಚ್ಚೇನಿಲ್ಲ, ಅವುಗಳ ದಾರಿಗೆ ಅಡ್ಡ ಬರದಿದ್ದರಾಯಿತು.

ಯಾರು, ಎಲ್ಲಿಯವರು, ಎಲ್ಲಿ ಒಗ್ಗುತ್ತಾರೆ?

• ಸ್ನೋಡ್ರಾಪ್: ಯೂರೋಪಿನ ತಂಪು ಕಾಡುಗಳ ಗಿಡ. ಜನವರಿ–ಮಾರ್ಚ್ ಹೂ. ಎಲೆಯುದುರುವ ಮರಗಳ ಅಡಿಯ ತೇವದ ನೆಲ ಇಷ್ಟ.

• ವಿಂಟರ್ ಅಕೋನೈಟ್: ದಕ್ಷಿಣ ಯೂರೋಪಿನದು. ಹಸುರು ಕೊರಳಪಟ್ಟಿ ತೊಟ್ಟ ಹಳದಿ ಬಟ್ಟಲು. ಹುಲ್ಲಿಗಿಂತ ಮರದಡಿಯ ತೆರೆದ ಮಣ್ಣು ಮೇಲು, ಬೀಜದಿಂದ ಹರಡುತ್ತದೆ.

• ಕ್ರೋಕಸ್ ಟೊಮಾಸಿನಿಯಾನಸ್: ಬಾಲ್ಕನ್ ನಾಡಿನ ತಿಳಿನೇರಳೆ ಹೂ. ಟ್ರಿಯೆಸ್ಟ್‌ನ ಸಸ್ಯಶಾಸ್ತ್ರಜ್ಞ ಮುಝಿಯೊ ಟೊಮಾಸಿನಿಯ ಹೆಸರು ಹೊತ್ತದ್ದು. ತೆಳು ಹುಲ್ಲಿನಲ್ಲಿ ಧಾರಾಳವಾಗಿ ಬೀಜ ಚೆಲ್ಲುತ್ತದೆ.

• ಸೈಕ್ಲಮೆನ್ ಕೌಮ್: ಕಪ್ಪು ಸಮುದ್ರದ ಸುತ್ತಿನದು. ದೊಡ್ಡ ಮರದ ಬುಡದ ಒಣ ನೆರಳಲ್ಲೂ ಬದುಕುವ ಗುಲಾಬಿ ಹೂ.

• ಕಾಡು ಡ್ಯಾಫೋಡಿಲ್: ಬ್ರಿಟನ್ನಿನದೇ ಮಗಳು. ಮಾರ್ಚ್–ಏಪ್ರಿಲ್ ಹೂ. ತೇವದ ಹುಲ್ಲುಗಾವಲು, ಕಾಡಿನ ಅಂಚು.

ಇದು ಬರೀ ತರ್ಕವಲ್ಲ ಎನ್ನುವುದಕ್ಕೆ ಹಳೆಯ ತೋಟಗಳೇ ಸಾಕ್ಷಿ. ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಹಳೆಯ ಕಲ್ಲುಮನೆಗೆ ‘ಸ್ಟಿನ್ಸ್’ ಎನ್ನುತ್ತಾರೆ. ಅಂಥ ಜಮೀನ್ದಾರಿ ಮನೆಗಳ ಸುತ್ತ ಹಿಂದೆ ನೆಟ್ಟು ಆಮೇಲೆ ತಾವೇ ಹರಡಿಕೊಂಡ ಗಡ್ಡೆ ಹೂಗಳಿಗೆ ಡಚ್ಚರು ‘ಸ್ಟಿನ್ಸನ್ ಗಿಡಗಳು’ ಎಂದೇ ಹೆಸರಿಟ್ಟಿದ್ದಾರೆ. ಮನೆ ಬಿದ್ದುಹೋದರೂ ಹೂವಿನ ಸುತ್ತು ಉಳಿದು, ಇಲ್ಲೊಂದು ಮನೆಯಿತ್ತು ಎಂದು ಹೇಳುವ ಜಾಗಗಳಿವೆ. ಆ ಪಟ್ಟಿಯಲ್ಲಿ ಇರುವವರು ಯಾರು? ಸ್ನೋಡ್ರಾಪ್, ವಿಂಟರ್ ಅಕೋನೈಟ್, ಟೊಮಾಸಿನಿಯ ಕ್ರೋಕಸ್ ಮತ್ತು ಅವುಗಳ ಜೊತೆಯವರು. ಆ ಮನೆಗಳ ಯಜಮಾನರು ಬೆಲೆಬಾಳುವ ಟ್ಯುಲಿಪ್‌ಗಳನ್ನೂ ನೆಟ್ಟಿದ್ದರು. ಉಳಿದವರಲ್ಲಿ ಬಹುತೇಕರು ಮಾತ್ರ ಬೇಗ ಎದ್ದು ಬೇಗ ಮಲಗುವ ಸಣ್ಣವರು. ಕಾಲ ನಡೆಸಿದ ಈ ಪರೀಕ್ಷೆಗಿಂತ ದೊಡ್ಡ ಪ್ರಯೋಗಶಾಲೆ ಬೇರೆ ಬೇಕಿಲ್ಲ.

ಈ ಪಾಠವನ್ನು ಇಂಗ್ಲೆಂಡಿನಲ್ಲಿ ಬರಹಕ್ಕಿಳಿಸಿದವನು ಐರ್ಲೆಂಡಿನಿಂದ ಬಂದ ತೋಟಗಾರ ವಿಲಿಯಂ ರಾಬಿನ್ಸನ್. ಗಾಜಿನ ಮನೆಯಲ್ಲಿ ಬೆಳೆಸಿದ ಸಸಿಗಳನ್ನು ಋತುವಿಗೊಮ್ಮೆ ರಂಗೋಲಿಯಂತೆ ಜೋಡಿಸಿ, ಹೂ ಮುಗಿದೊಡನೆ ಕಿತ್ತೆಸೆಯುವ ವಿಕ್ಟೋರಿಯಾ ಕಾಲದ ಪದ್ಧತಿಯ ವಿರುದ್ಧ ಅವನು 1870ರಲ್ಲಿ ‘ದಿ ವೈಲ್ಡ್ ಗಾರ್ಡನ್’ ಪುಸ್ತಕ ಬರೆದ. ಚಳಿ ತಡೆಯುವ ಹೊರನಾಡಿನ ಗಿಡಗಳನ್ನು ಮುಂದೆ ಆರೈಕೆಯೇ ಬೇಡದಂಥ ಜಾಗದಲ್ಲಿ ನೆಟ್ಟು ಅವುಗಳ ಪಾಡಿಗೆ ಬಿಡಬೇಕು ಎಂಬುದು ಅವನ ವಾದ. ಮುಂದೆ ಸಸೆಕ್ಸ್‌ನ ಗ್ರೇವ್‌ಟೈ ಎಸ್ಟೇಟಿನ ಹುಲ್ಲುಗಾವಲುಗಳಲ್ಲಿ ಅವನು ಡ್ಯಾಫೋಡಿಲ್‌ಗಳನ್ನು ಸಾವಿರಗಟ್ಟಲೆ ನೆಡಿಸಿ ತೋರಿಸಿದ. ಅವನ ಪುಸ್ತಕದ ಹೆಸರು ಕೇಳಿ ತೋಟವನ್ನು ಕಾಡಾಗಲು ಬಿಡುವುದು ಎಂದುಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವನು ಹೇಳಿದ್ದು ಅದಕ್ಕೆ ತದ್ವಿರುದ್ಧ. ನೆಟ್ಟ ಮೇಲೆ ಆರೈಕೆ ಇಲ್ಲ ಎಂದಾದರೆ ನೆಡುವ ಮುನ್ನ ಯೋಚನೆ ಇಮ್ಮಡಿಯಾಗಬೇಕು. ಕುಂಡದ ಗಿಡದ ಆಯ್ಕೆ ತಪ್ಪಿದರೆ ಮರುವರ್ಷ ತಿದ್ದಬಹುದು. ಒಕ್ಕಲಾಗುವ ಗಿಡದ ಆಯ್ಕೆ ತಪ್ಪಿದರೆ ಮೊಮ್ಮಕ್ಕಳೂ ಅದರ ಫಲ ಉಣ್ಣುತ್ತಾರೆ.

ಹಾಗಾದರೆ ದೊಡ್ಡ ಹೂಗಳ ಗತಿಯೇನು, ಉದ್ಯಾನಗಳಲ್ಲಿ ದಪ್ಪ ಡ್ಯಾಫೋಡಿಲ್‌ಗಳು ವರ್ಷವರ್ಷವೂ ಬರುತ್ತವಲ್ಲ ಎಂದು ಕೇಳುವವರುಂಟು. ಈ ಮೊದಲ ಆಕ್ಷೇಪ ನ್ಯಾಯವಾದದ್ದೇ. ಡ್ಯಾಫೋಡಿಲ್‌ಗೆ ಈಗ 30,000ಕ್ಕೂ ಹೆಚ್ಚು ನೋಂದಾಯಿತ ತಳಿಗಳಿವೆ, ಅವುಗಳಲ್ಲಿ ಹಲವು ಹುಲ್ಲಿನಲ್ಲಿ ದಶಕಗಟ್ಟಲೆ ಬಾಳುತ್ತವೆ. ಆದರೆ ಬಾಳುವುದು ಬೇರೆ, ಒಕ್ಕಲಾಗುವುದು ಬೇರೆ. ದಪ್ಪ ತಳಿಯ ಅಗಲ ಎಲೆ ಜೂನ್‌ವರೆಗೂ ಹಸುರಾಗಿ ನಿಂತು ಬೆಳಕು ಬೇಡುತ್ತದೆ, ಎತ್ತರದ ಭಾರ ಹೂವು ಮಳೆಗಾಳಿಗೆ ಬಾಗಿ ಮುರಿಯುತ್ತದೆ, ಎಸಳು ಒತ್ತೊತ್ತಾದ ತಳಿಗಳಂತೂ ಸಾಮಾನ್ಯವಾಗಿ ಬೀಜವನ್ನೇ ಕಟ್ಟುವುದಿಲ್ಲ. ಅವು ನೆಟ್ಟಲ್ಲೇ ಗುಂಪುಗಟ್ಟುತ್ತವೆ, ಇಕ್ಕಟ್ಟಾದಾಗ ಹೂ ಬಿಡುವುದನ್ನು ಕಡಿಮೆ ಮಾಡುತ್ತವೆ, ಆಗ ಅಗೆದು ಬಿಡಿಸಿ ಮತ್ತೆ ನೆಡುವ ಕೆಲಸ ನಮಗೇ ಬರುತ್ತದೆ. ಟ್ಯುಲಿಪ್‌ನ ಕಥೆ ಇನ್ನೂ ಖಚಿತ. ಅದರ ತವರು ಮಧ್ಯ ಏಷ್ಯಾದ ಬೆಟ್ಟಗಳು. ಬೇಸಿಗೆಯಲ್ಲಿ ಗಡ್ಡೆ ಕಾದ ಒಣಮಣ್ಣಿನಲ್ಲಿ ಮಲಗಬೇಕು. ಇಂಗ್ಲೆಂಡಿನ ಬೇಸಿಗೆಯ ಒದ್ದೆ ಹುಲ್ಲು ಅದಕ್ಕೆ ಹಾಸಿಗೆಯಾಗುವುದಿಲ್ಲ. ಆ ಕಾರಣಕ್ಕೇ ದೊಡ್ಡ ಉದ್ಯಾನಗಳು ಟ್ಯುಲಿಪ್‌ಗಳನ್ನು ಪ್ರತಿ ವರ್ಷ ಹೊಸದಾಗಿ ನೆಡುತ್ತವೆ. ಕೇಸರಿಯನ್ನೇ ನೋಡಿ: ಅದೂ ಕ್ರೋಕಸ್ ಕುಲದ್ದೇ, ಆದರೆ ಬಂಜೆ ಗಿಡ. ಮನುಷ್ಯ ಗಡ್ಡೆ ಅಗೆದು ಹಂಚಿದರಷ್ಟೇ ಅದು ಮುಂದಿನ ಹೊಲ ಕಾಣುತ್ತದೆ. ಅದರ ದಾಯಾದಿ ಟೊಮಾಸಿನಿಯ ಕ್ರೋಕಸ್ ತಾನೇ ಬೀಜ ಚೆಲ್ಲಿ ಮೂರು ನಾಲ್ಕು ವರ್ಷಕ್ಕೆ ಹೊಸ ಪೀಳಿಗೆಯ ಹೂ ತೋರಿಸುತ್ತದೆ.

ನಮ್ಮ ಶಾಲೆಯ ಇಂಗ್ಲಿಷ್ ಪಠ್ಯಗಳಲ್ಲಿ ತಲೆಮಾರುಗಳು ಓದಿದ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್‌ಗಳೂ ಇದೇ ಮಾತಿಗೆ ಸಾಕ್ಷಿ ಹೇಳುತ್ತವೆ. ಅವನೂ ತಂಗಿ ಡೊರೊಥಿಯೂ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅವುಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು. ಅವು ಇಂದಿನ ಅಂಗಡಿಯ ದಪ್ಪ ಹಳದಿ ತುತ್ತೂರಿಗಳಾಗಿರಲಿಲ್ಲ. ಗೇಣೆತ್ತರದ, ತಿಳಿ ಎಸಳಿನ ಕಾಡು ಡ್ಯಾಫೋಡಿಲ್. ಯಾರೂ ನೀರೆರೆಯದೆ, ಕಳೆ ಕೀಳದೆ, ದಡದುದ್ದಕ್ಕೂ ಹಬ್ಬಿದ್ದವು. ಕವಿಗೆ ಹತ್ತು ಸಾವಿರದಂತೆ ಕಂಡ ಆ ಸಮೃದ್ಧಿ ದೊಡ್ಡ ಹೂವಿನಿಂದ ಬಂದದ್ದಲ್ಲ, ಸಣ್ಣ ಹೂವಿನ ನಿಲ್ಲದ ವಂಶದಿಂದ ಬಂದದ್ದು. ಯಾರ್ಕ್‌ಷೈರ್‌ನ ಫಾರ್ನ್‌ಡೇಲ್ ಕಣಿವೆಯಲ್ಲಿ ಡವ್ ನದಿಯ ದಡಕ್ಕೆ ಇವತ್ತೂ ಜನ ಇದೇ ಹೂ ನೋಡಲು ಹೋಗುತ್ತಾರೆ. ಕಿತ್ತೊಯ್ಯುವವರ ಕಾಟದಿಂದ ಉಳಿಸಲು ಆ ಜಾಗವನ್ನು 1955ರಲ್ಲಿ ಸಂರಕ್ಷಿತ ತಾಣವಾಗಿ ಮಾಡಬೇಕಾಯಿತು.

ಎರಡನೆಯ ಆಕ್ಷೇಪ ಅಂದದ್ದು. ಹೂ ಹೋದ ಮೇಲೆ ಹಳದಿಗಟ್ಟುವ ಎಲೆ, ಬೆಳೆದ ಹುಲ್ಲು, ಅಂಗಳವೆಲ್ಲ ಅಸ್ತವ್ಯಸ್ತ. ಅಷ್ಟು ದಿನ ಹೇಗೆ ನೋಡಿಕೊಂಡಿರುವುದು? ಈ ಅಸಹನೆಯೇ ಬಹುಪಾಲು ಗಡ್ಡೆಗಳನ್ನು ಕೊಂದಿರುವುದು. ಡ್ಯಾಫೋಡಿಲ್ ಎಲೆಗಳನ್ನು ಜಡೆಯಂತೆ ಹೆಣೆದು ಗಂಟು ಹಾಕುವ ಹಳೆಯ ಅಭ್ಯಾಸವೊಂದಿದೆ. ಮಡಚಿದ ಎಲೆಗೆ ಬಿಸಿಲು ಸರಿಯಾಗಿ ತಾಗದೆ ಅದೂ ಗಿಡಕ್ಕೆ ಕೇಡು. ಹೂ ಬಾಡಿದ ಮೇಲೆ ಕನಿಷ್ಠ ಆರು ವಾರ ಎಲೆ ಮುಟ್ಟಬಾರದೆಂಬುದು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಸಲಹೆ. ಎಲೆಯ ಪಂಚಾಂಗ ನೋಡಿ ಆರಿಸಿದವರಿಗೆ ಈ ಆರು ವಾರ ಭಾರವಾಗದು. ಕ್ರೋಕಸ್ ಎಲೆ ಹುಲ್ಲಿನ ಗರಿಯಷ್ಟೇ ತೆಳು, ಹುಲ್ಲಿನಲ್ಲೇ ಕರಗಿಹೋಗುತ್ತದೆ. ಫೆಬ್ರುವರಿಯಲ್ಲಿ ಅರಳಿದ್ದು ಹುಲ್ಲು ಜೋರಾಗಿ ಎದ್ದೇಳುವ ಹೊತ್ತಿಗೆ ತನ್ನ ಕೆಲಸ ಮುಗಿಸುತ್ತ ಬಂದಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಅರಳುವ ದಪ್ಪ ತಳಿಗಾದರೆ ಜೂನ್‌ವರೆಗೆ ಕಾಯಬೇಕು. ಕಾಯುವ ತಾಳ್ಮೆ ಎಷ್ಟಿದೆ ಎಂದು ತನ್ನನ್ನೇ ಕೇಳಿಕೊಂಡು ಗಿಡ ಆರಿಸಿದರೆ ತೋಟಗಾರನಿಗೂ ಗಡ್ಡೆಗೂ ಜಗಳವಿಲ್ಲ. ಅಂಗಳವಿಡೀ ಬಿಡಬೇಕಾಗಿಯೂ ಇಲ್ಲ. ಓಡಾಡುವ ದಾರಿಯನ್ನು ನೀಟಾಗಿ ಕತ್ತರಿಸಿ, ಗಡ್ಡೆಯಿರುವ ಭಾಗವನ್ನು ಒಂದು ಬಳುಕುವ ಅಂಚಿನೊಳಗೆ ಬಿಟ್ಟರೆ ಅದು ಅಲಕ್ಷ್ಯವಲ್ಲ, ಉದ್ದೇಶ ಎಂಬುದು ನೋಡಿದವರಿಗೇ ತಿಳಿಯುತ್ತದೆ. ವಿಲ್ಟ್‌ಷೈರ್‌ನ ಕ್ರಿಕ್‌ಲೇಡ್ ಬಳಿಯ ನಾರ್ತ್ ಮೆಡೋದಲ್ಲಿ ಬ್ರಿಟನ್ನಿನ ಕಾಡು ಫ್ರಿಟಿಲರಿ ಎಂಬ ಗಡ್ಡೆ ಹೂಗಳ ಬಹುಪಾಲು ಉಳಿದಿರುವುದಕ್ಕೆ ಕಾರಣವೂ ಇಷ್ಟೇ: ಅಲ್ಲಿ ಹುಲ್ಲು ಕೊಯ್ಯುವುದು ಬೀಜ ಬಲಿತು ಉದುರಿದ ಮೇಲೆ, ಬೇಸಿಗೆಯ ನಡುವಿನಲ್ಲಿ. ಹೂವನ್ನು ಕಾಪಾಡಿದ್ದು ಯಾವ ಔಷಧಿಯೂ ಅಲ್ಲ, ಕುಡುಗೋಲಿನ ತಾರೀಖು.

ಈರುಳ್ಳಿ ಅಲ್ಲ, ಎಚ್ಚರ!

ಡ್ಯಾಫೋಡಿಲ್ ಗಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ. ತಿಂದರೆ ವಾಂತಿ, ಹೊಟ್ಟೆನೋವು ಖಚಿತ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ, ಈ ಗಡ್ಡೆ ಮತ್ತು ಹೂಕಟ್ಟುಗಳನ್ನು ತರಕಾರಿಯ ಪಕ್ಕ ಇಡಬೇಡಿ ಎಂದು ಸೂಪರ್‌ಮಾರ್ಕೆಟ್‌ಗಳಿಗೆ ಕೋರಿತ್ತು. ಸ್ನೋಡ್ರಾಪ್, ವಿಂಟರ್ ಅಕೋನೈಟ್ ಕೂಡ ವಿಷಕಾರಿಗಳೇ. ಕ್ರೋಕಸ್ ಗಡ್ಡೆಗಳನ್ನು ಕೆದಕುವ ಅಳಿಲುಗಳು ಡ್ಯಾಫೋಡಿಲ್, ಸ್ನೋಡ್ರಾಪ್‌ಗಳ ತಂಟೆಗೆ ಹೋಗುವುದು ಕಡಿಮೆ. ಇದೇ ಕುಟುಂಬದ ವಿಷ ಮದ್ದೂ ಆಗಿದೆ: ಮರೆವಿನ ಕಾಯಿಲೆ ಆಲ್ಜೈಮರ್ಸ್‌ಗೆ ಕೊಡುವ ಗ್ಯಾಲಂಟಮೀನ್ ಔಷಧ ಸ್ನೋಡ್ರಾಪ್ ಕುಲದ ಹೆಸರನ್ನೇ ಹೊತ್ತಿದೆ.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ತೂಕದ್ದು. ಹೊರನಾಡಿನ ಗಿಡಗಳನ್ನು ತಂದು, ಅವು ತಾವೇ ಹಬ್ಬಲಿ ಎಂದು ಬಿಡುವುದು ಸರಿಯೇ? ಲಂಟಾನ, ಪಾರ್ಥೇನಿಯಂಗಳನ್ನು ಕಂಡ ಕನ್ನಡ ನಾಡಿನವರಿಗೆ ಈ ಭಯವನ್ನು ವಿವರಿಸಬೇಕಿಲ್ಲ. ಇಂಗ್ಲೆಂಡಿನ ಹಳ್ಳಿ ಚರ್ಚಿನ ಅಂಗಳದ ಗುರುತಾಗಿರುವ ಸ್ನೋಡ್ರಾಪ್ ಕೂಡ ಅಲ್ಲಿಗೆ ಹೊರಗಿನಿಂದ ಬಂದದ್ದೆಂದೇ ಸಸ್ಯಶಾಸ್ತ್ರಜ್ಞರು ನಂಬುತ್ತಾರೆ. 1597ರ ಜೆರಾರ್ಡ್ ಸಸ್ಯಗ್ರಂಥದಲ್ಲಿ ಅದು ತೋಟದ ಗಿಡ, ಕಾಡಿನಲ್ಲಿ ದಾಖಲಾದದ್ದು 1770ರ ದಶಕದಲ್ಲಿ. ಇಷ್ಟು ಕಾಲದಲ್ಲಿ ಅದು ಯಾರ ಅನ್ನವನ್ನೂ ಕಸಿದುಕೊಂಡಿಲ್ಲ. ಆದರೆ ಸ್ಪ್ಯಾನಿಷ್ ಬ್ಲೂಬೆಲ್ ಎಂಬ ಗಡ್ಡೆ ಹೂ ಕಸಿದುಕೊಳ್ಳುತ್ತಿದೆ: ತೋಟದಿಂದ ಹೊರಬಿದ್ದು ಸ್ಥಳೀಯ ಬ್ಲೂಬೆಲ್‌ನೊಂದಿಗೆ ಕೂಡಿ ಮಿಶ್ರತಳಿ ಹುಟ್ಟಿಸುತ್ತಿದೆ. ಜಗತ್ತಿನ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಬ್ರಿಟನ್ನಿನಲ್ಲೇ ಇರುವುದರಿಂದ ಆ ನಷ್ಟಕ್ಕೆ ಬೇರೆಲ್ಲೂ ಪರಿಹಾರವಿಲ್ಲ. ಮೂರಂಚಿನ ಕಾಡು ಬೆಳ್ಳುಳ್ಳಿ ಎನ್ನಬಹುದಾದ ಆಲಿಯಂ ಟ್ರೈಕ್ವೆಟ್ರಂ ಗಿಡವನ್ನಂತೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಡಿನಲ್ಲಿ ನೆಡುವುದೇ ಅಪರಾಧ. ಒಪ್ಪಬೇಕಾದ ಮಾತು ಇದು: ಎಲೆಯ ಲೆಕ್ಕದಲ್ಲಿ ಈ ಗಿಡಗಳೂ ಪಾಸಾಗುತ್ತವೆ, ಬೇಕಾದ್ದಕ್ಕಿಂತ ಚೆನ್ನಾಗಿ ಪಾಸಾಗುತ್ತವೆ. ಹಾಗಾಗಿ ಎಲೆಯ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಸೇರಬೇಕು. ಬೇಗ ಎದ್ದದ್ದು ಬೇಗ ಮಲಗಿ ಜಾಗ ಬಿಟ್ಟುಕೊಡುತ್ತದೆಯೇ, ಇಲ್ಲವೇ ಮೇ ತಿಂಗಳಲ್ಲಿ ಇತರರು ಮೊಳೆಯುವ ನೆಲವನ್ನು ಅದುಮಿ ಕೂರುತ್ತದೆಯೇ? ಪಕ್ಕದಲ್ಲಿ ಕಾಡಿದ್ದರೆ, ಅಲ್ಲಿರುವ ನೆಂಟರೊಂದಿಗೆ ಬೆರೆತು ಅವರ ಕುಲ ಕೆಡಿಸುತ್ತದೆಯೇ? ಪರದೇಶದ್ದು ಎಂಬ ಒಂದೇ ಕಾರಣಕ್ಕೆ ತಳ್ಳುವುದೂ ಬೇಡ, ಅಂದವಾಗಿದೆ ಎಂದು ಕಣ್ಣು ಮುಚ್ಚಿ ಬಿಡುವುದೂ ಬೇಡ.

ಗಡ್ಡೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಇದೆ. ಆರಂಭದಲ್ಲಿ ಹೇಳಿದ ಕೋಲ್ಸ್‌ಬೋರ್ನ್ ಉದ್ಯಾನದ ಹೆನ್ರಿ ಜಾನ್ ಎಲ್ವೆಸ್ 1874ರಲ್ಲಿ ಟರ್ಕಿಯ ಇಜ್ಮಿರ್ ಸುತ್ತಿನ ಬೆಟ್ಟಗಳಲ್ಲಿ ಕಂಡ ದೊಡ್ಡ ಸ್ನೋಡ್ರಾಪ್‌ಗೆ ಇಂದು ಅವನದೇ ಹೆಸರಿದೆ. ಅಲ್ಲಿಂದಾಚೆ ಆ ಬೆಟ್ಟಗಳಿಂದ ಕಾಡು ಗಡ್ಡೆಗಳನ್ನು ಅಗೆದು ಯೂರೋಪಿಗೆ ಸಾಗಿಸುವುದೇ ಒಂದು ವ್ಯಾಪಾರವಾಯಿತು. ಕೊನೆಗೆ 1990ರಿಂದ ಸ್ನೋಡ್ರಾಪ್ ಕುಲದ ಎಲ್ಲ ಜಾತಿಗಳನ್ನೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಗಾಕ್ಕೆ ತರಲಾಯಿತು. ಒಂದು ಕಾಡನ್ನು ಬರಿದು ಮಾಡಿ ಇನ್ನೊಂದು ಅಂಗಳವನ್ನು ಕಾಡಿನಂತೆ ಕಾಣಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ತುದಿಯಲ್ಲಿ ಸಂಗ್ರಹಕಾರರ ಹುಚ್ಚು: ‘ಗೋಲ್ಡನ್ ಟಿಯರ್ಸ್’ ಎಂಬ ಹಳದಿ ಗುರುತಿನ ಒಂದೇ ಒಂದು ಸ್ನೋಡ್ರಾಪ್ ಗಡ್ಡೆ 2022ರಲ್ಲಿ 1,850 ಪೌಂಡ್‌ಗೆ ಹರಾಜಾಯಿತು. ಅಪರೂಪದ್ದಕ್ಕೆ ಅಪರೂಪದ ಬೆಲೆ ಇರಲಿ. ಆದರೆ ನೆಲಕ್ಕೆ ಹೊದಿಕೆಯಾಗಿ ಹಬ್ಬಬೇಕಾದದ್ದು ಸಾಮಾನ್ಯವಾದ, ಗಟ್ಟಿಮುಟ್ಟಾದ, ತೋಟದಲ್ಲೇ ಮರಿಮಾಡಿದ ಗಡ್ಡೆ. ಸ್ನೋಡ್ರಾಪ್ ಗಡ್ಡೆ ಒಣಗಿದರೆ ಸುಲಭವಾಗಿ ಸಾಯುತ್ತದೆ. ನೆರೆಮನೆಯವರು ಹೂ ಮುಗಿದ ಮೇಲೆ ತಮ್ಮ ಗುಂಪನ್ನು ಬಿಡಿಸುವಾಗ, ಎಲೆ ಹಸುರಾಗಿರುವಂತೆಯೇ ಒಂದು ಹಿಡಿ ಪಡೆದು ಅಂದೇ ನೆಡುವುದು ಅತ್ಯುತ್ತಮ. ಮಲ್ಲಿಗೆ ಬಳ್ಳಿಯ ಕಡ್ಡಿ, ಕನಕಾಂಬರದ ಸಸಿ ಹಿತ್ತಿಲಿನಿಂದ ಹಿತ್ತಿಲಿಗೆ ದಾಟುತ್ತಿದ್ದ ನಮ್ಮೂರ ರೀತಿಯೇ ಇದು.

ನೆಡುವವರಿಗೆ ನಾಲ್ಕು ಮಾತು

• ಒಣ ಗಡ್ಡೆಗಳಿಗೆ ಸೆಪ್ಟೆಂಬರ್–ನವೆಂಬರ್ ಕಾಲ. ಡ್ಯಾಫೋಡಿಲ್ ಆದಷ್ಟು ಬೇಗ.

• ಗಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳ.

• ಸಾಲು ಬೇಡ. ಹಿಡಿ ತುಂಬ ಎರಚಿ, ಬಿದ್ದಲ್ಲೇ ನೆಡಿ.

• ಕೊಳ್ಳುವಾಗ ತೋಟದಲ್ಲೇ ಬೆಳೆಸಿದ್ದೇ ಎಂದು ಕೇಳಿ. ಬ್ರಿಟನ್ನಿನಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಕಾಡು ಗಿಡ ಅಗೆಯುವುದು 1981ರ ಕಾಯ್ದೆಯಂತೆ ಅಪರಾಧ.

ಕೊನೆಯ ಆಕ್ಷೇಪ ಕಾಲದ್ದೇ. ಭೂಮಿ ಬಿಸಿಯಾಗುತ್ತಿರುವಾಗ ಯಾವ ಪಂಚಾಂಗವನ್ನು ನಂಬುವುದು? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನ ಬ್ರಿಟನ್ನಿನ 406 ಸಸ್ಯಜಾತಿಗಳ ನಾಲ್ಕು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಜೋಡಿಸಿ, 1986ರವರೆಗಿನ ಕಾಲಕ್ಕೆ ಹೋಲಿಸಿದರೆ ಆಮೇಲೆ ಮೊದಲ ಹೂ ಸರಾಸರಿ ಒಂದು ತಿಂಗಳು ಮುಂಚೆ ಬರುತ್ತಿದೆ ಎಂದು ತೋರಿಸಿತು. ಈ ಸಂಗತಿ ಎಲೆಯ ವಾದವನ್ನು ದುರ್ಬಲಗೊಳಿಸುವುದಿಲ್ಲ, ಇನ್ನಷ್ಟು ಅಗತ್ಯವಾಗಿಸುತ್ತದೆ. ತಾರೀಖು ನೋಡಿ ಹುಲ್ಲು ಕತ್ತರಿಸುವವರು ತಪ್ಪುತ್ತಾರೆ. ಎಲೆ ಹಳದಿಗಟ್ಟಿತೇ ಎಂದು ಬಗ್ಗಿ ನೋಡಿ ಕತ್ತರಿಸುವವರು ತಪ್ಪುವುದಿಲ್ಲ. ಮರವೂ ಮುಂಚೆ ಚಿಗುರಿದರೆ ಗಡ್ಡೆಗೆ ಸಿಗುವ ಬಿಸಿಲಿನ ಸಂದಿ ಇನ್ನೂ ಕಿರಿದಾಗಬಹುದು, ಆಗ ಅತಿ ಬೇಗ ಏಳುವ ಜಾತಿಗಳಿಗೇ ಹೆಚ್ಚು ಬಲ. ಒಂದೇ ಜಾತಿಯನ್ನು ನೆಚ್ಚದೆ ಸ್ನೋಡ್ರಾಪ್, ಅಕೋನೈಟ್, ಕ್ರೋಕಸ್, ಕಾಡು ಡ್ಯಾಫೋಡಿಲ್ ಎಂದು ಒಂದರ ಬೆನ್ನಿಗೊಂದು ಬರುವವರನ್ನು ಬೆರೆಸಿದರೆ ಯಾವುದೋ ಒಂದು ಋತು ಕೈಕೊಟ್ಟರೂ ಜೇನಿಗೆ, ಬೇಗ ಎಚ್ಚರಗೊಂಡ ದುಂಬಿ ರಾಣಿಗೆ ಊಟ ತಪ್ಪುವುದಿಲ್ಲ.

ಬ್ರಿಟನ್ನಿನಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಈ ಹೂಗಳು ನೇರವಾಗಿ ದಕ್ಕುವಂಥವು. ಮನೆಯೊಂದಿಗೆ ಬಂದ ಹಿತ್ತಿಲ ಹುಲ್ಲಿಗೆ ಸೆಪ್ಟೆಂಬರಿನಲ್ಲಿ ಒಂದು ಹಿಡಿ ಕ್ರೋಕಸ್ ಸಾಕು, ಆರಂಭಕ್ಕೆ. ಬೆಂಗಳೂರು, ಮೈಸೂರಿನ ತೋಟಗಾರರು ಅದೇ ಗಡ್ಡೆ ತರಿಸಿ ನೆಡುವುದು ಮಾತ್ರ ವ್ಯರ್ಥ. ಹತ್ತು ಹನ್ನೆರಡು ವಾರ ಮೈ ಕೊರೆಯುವ ಚಳಿ ಉಣ್ಣದೆ ಅವು ನೆಟ್ಟಗೆ ಅರಳುವುದಿಲ್ಲ. ಇಲ್ಲಿ ಕಲಿಯಬೇಕಾದದ್ದು ಗಿಡವನ್ನಲ್ಲ, ಆರಿಸುವ ಬಗೆಯನ್ನು. ಅಲ್ಲಿ ಗಡ್ಡೆಯನ್ನು ಎಬ್ಬಿಸುವುದು ಚಳಿ ಮುಗಿದ ಬಿಸಿಲು. ಇಲ್ಲಿ ಎಬ್ಬಿಸುವುದು ಬೇಸಿಗೆಯ ಬೆನ್ನಿಗೆ ಬಿದ್ದ ಮಳೆ. ಒಣ ನೆಲದಲ್ಲಿ ಸುಳಿವೇ ಇಲ್ಲದೆ ಮಲಗಿ, ಮೊದಲ ದೊಡ್ಡ ಮಳೆಯಾದ ಕೆಲವೇ ದಿನಗಳಲ್ಲಿ ಗುಲಾಬಿ, ಬಿಳಿ ಬಣ್ಣದಲ್ಲಿ ಎದ್ದು ನಿಲ್ಲುವ ರೇನ್ ಲಿಲಿ ಅಮೆರಿಕ ಖಂಡದಿಂದ ಬಂದು ನಮ್ಮ ಅಂಗಳಗಳಿಗೆ ಒಗ್ಗಿಹೋದದ್ದು. ಮಳೆಗಾಲದಲ್ಲಿ ಬೇಲಿ ಹತ್ತಿ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿ ಹೂ ಇದೇ ನೆಲದ್ದು, ಅದರ ಗಡ್ಡೆಯೂ ವಿಷ. ಇವೂ ಹಗೇವಿನ ಸಂಸಾರಿಗಳೇ. ಮಳೆಗಾಲವಿಡೀ ಎಲೆ ಬಿಟ್ಟುಕೊಂಡಿರಲು ಬಿಟ್ಟರೆ ಮುಂದಿನ ಮುಂಗಾರಿಗೆ ಹೂ ತಪ್ಪುವುದಿಲ್ಲ.

ಗ್ಲಾಸ್ಟರ್‌ಷೈರ್‌ನ ಆ ತೋಟಕ್ಕೆ ಜೂನ್ ಕೊನೆಯಲ್ಲಿ ಹೋದರೆ ನೋಡಲು ಏನೂ ಇರುವುದಿಲ್ಲ. ಮರಗಳ ನೆರಳು ದಟ್ಟವಾಗಿ ಕವಿದಿರುತ್ತದೆ, ಫೆಬ್ರುವರಿಯಲ್ಲಿ ಬಿಳಿ ಹಾಸಿದ್ದ ಜಾಗದಲ್ಲಿ ಬರೀ ಹುಲ್ಲು, ಒಣಗಿದ ಎಲೆಯ ಗುರುತೂ ಮಣ್ಣಿಗೆ ಸೇರಿರುತ್ತದೆ. ಟಿಕೆಟ್ ಕೊಂಡು ನೋಡುವವರಿಲ್ಲ. ಆದರೆ ಕೆಲವೇ ಬೆರಳು ಕೆಳಗೆ, ತಂಪು ಮಣ್ಣಿನಲ್ಲಿ, ಲೆಕ್ಕವಿಲ್ಲದಷ್ಟು ಪುಟ್ಟ ಹಗೇವುಗಳು ತುಂಬಿ ಬಾಯಿ ಮುಚ್ಚಿಕೊಂಡಿರುತ್ತವೆ. ಈಗ ಹುಲ್ಲು ಕತ್ತರಿಸಬಹುದು.